ಇಂಟರ್ ನಾಪಾಸಾದ ಮೇಲಿನ ವರ್ಷ

ಕರಿಹಲಗೆಯನ್ನು ಒದ್ದೆ ಅರಿವೆಯಿಂದ ಒರೆಸಿದಾಗ ಒಂದು ವಾಸನೆ ಏಳುತ್ತದೆ. ತೊಯ್ದ ಬಳಪ, ಹಳೆಯ ಬಟ್ಟೆ, ತಣ್ಣಗಾದ ಕಲ್ಲು ಎಲ್ಲ ಕೂಡಿದ ವಾಸನೆ. ಹೋದ ಶ್ರಾವಣದಲ್ಲಿ ಮೂಡಲಗಿಯ ಕಾಲೇಜೊಂದರವರು ‘ಓದುವುದು ಹೇಗೆ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಿರೆಂದು ನನ್ನನ್ನು ಕರೆದಿದ್ದರು. ನಾನು ಕುರ್ಚಿಯಲ್ಲಿ ಕುಳಿತಿದ್ದಾಗ ಸಿಪಾಯಿ ಬಂದು ಹಿಂದಿನ ತಾಸಿನ ಲೆಕ್ಕಗಳನ್ನು ಒರೆಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬರೆದುಕೊಂಡು ಹೋಗಿದ್ದ ಭಾಷಣವೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ತರುಣ ಅಧ್ಯಾಪಕರೊಬ್ಬರು ನನ್ನ ಪರಿಚಯ ಮಾಡಿಕೊಡುತ್ತ, “ಇವರಿಗೆ ಪುಸ್ತಕ ಇರಲಿಲ್ಲ, ದೀಪ ಇರಲಿಲ್ಲ. ಆ ಬಡತನವೇ ಇವರಿಗೆ ವರವಾಯಿತು” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಮೊದಲು ಹೇಳಿದ ಮಾತು, “ಅದು ಸುಳ್ಳು” ಎಂಬುದು. ಆಮೇಲೆ ಏನೇನೋ ಹೇಳಿದೆ, ಒಂದೂ ನೆಟ್ಟಗೆ ಹೇಳಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಹಿಡಿದು ಹತ್ತು ಸೂತ್ರಗಳಿಗಾಗಿ ಕಾದು ಕಾದು ಕೊನೆಗೆ ಪೆನ್ನಿನ ಟೊಪ್ಪಿಗೆ ಹಾಕಿಬಿಟ್ಟಳು. ಅವಳಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಎರಡನೆಯ ಮಹಾಯುದ್ಧದ ನಡುವಿನ ವರ್ಷ. ನಾನು ಮಸಗುಪ್ಪಿಯ ಹೊಲಗೇರಿಯವನು. ಆ ಕೇರಿಯಿಂದ ಮ್ಯಾಟ್ರಿಕ್ ಪಾಸಾದ ಮೊದಲನೆಯವನು. ಸರಕಾರದ ಶಿಷ್ಯವೇತನದ ಮೇಲೆ ದೂರದ ನಗರದ ಕಾಲೇಜಿಗೆ ಸೇರಿ, ಎರಡು ವರ್ಷ ಓದಿ, ಇಂಟರ್ ಪರೀಕ್ಷೆಗೆ ಕುಳಿತು ನಾಪಾಸಾದೆ. ಕಾಲೇಜು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಯಾರಿಗೂ ಉಪಯೋಗವಿಲ್ಲ.

ಓದದೆ ನಾಪಾಸಾದವನಲ್ಲ ನಾನು. ವಸತಿಗೃಹದ ದೀಪದ ಕೆಳಗೆ ತಲೆ ಅಲ್ಲಾಡಿಸುತ್ತ ಪುಟಗಟ್ಟಲೆ ಬಾಯಿಪಾಠ ಮಾಡಿದ್ದೆ. ಇತಿಹಾಸದ ಯಾವ ಪ್ರಕರಣದ ಯಾವ ಸಾಲಿನಿಂದ ಹಿಡಿದರೂ ಮುಂದಿನದನ್ನು ಹರಿಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಒಬ್ಬ ರಾಜ ಯಾಕೆ ಸೋತ ಎಂದು ಕೇಳಿದರು. ನಾನು ಅವನು ಹುಟ್ಟಿದ್ದು, ಪಟ್ಟಕ್ಕೆ ಬಂದದ್ದು, ಮಾಡಿದ ಯುದ್ಧಗಳು, ಸತ್ತದ್ದು ಎಲ್ಲವನ್ನೂ ಒಂದಕ್ಷರ ಬಿಡದೆ ಬರೆದು ಬಂದೆ. ಕೇಳಿದ್ದು ಒಂದು, ಬರೆದದ್ದು ಇನ್ನೊಂದು. ನಾಲ್ಕು ವಿಷಯಗಳಲ್ಲಿ ಮೂರರ ಗತಿ ಹೀಗೇ ಆಯಿತು.

ಎಲ್ಲಿ ತಪ್ಪಿದೆನೆಂದು ಕೇಳಲು ಇತಿಹಾಸದ ಪ್ರಾಧ್ಯಾಪಕರ ಕೋಣೆಗೆ ಹೋದೆ. ಅವರು ತಲೆಯೆತ್ತಲಿಲ್ಲ. ಇಂಗ್ಲಿಷಿನಲ್ಲಿ ಅವರು ಹೇಳಿದ್ದರ ಅರ್ಥ ಇಷ್ಟು: “ನಿಮ್ಮ ಜನ ಬರಬಹುದಾದಷ್ಟು ದೂರ ನೀನು ಬಂದಿದ್ದೀಯ. ಇನ್ನು ಮುಂದೆ ದಾರಿ ಕಷ್ಟ. ಊರಿಗೆ ಹೋಗಿ ಕೆಲಸ ಹಿಡಿ.” ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನಿಕರದಿಂದ ಹೇಳಿದರು. ಬಾಗಿಲು ದಾಟುವಾಗಲೇ ನಾನು ಮತ್ತೆ ಪರೀಕ್ಷೆಗೆ ಕೂರುವವನೆಂದು ನಿಶ್ಚಯ ಮಾಡಿಬಿಟ್ಟೆ.

ನಾಪಾಸಾದವನಿಗೆ ಶಿಷ್ಯವೇತನ ನಿಂತಿತು, ವಸತಿಗೃಹವೂ ಹೋಯಿತು. ಇದ್ದಿಲಿನ ಹೊಗೆಯಿಂದ ಓಡುವ ಮೋಟಾರಿನಲ್ಲಿ ಗೋಕಾಕಿಗೆ ಬಂದಿಳಿದು, ಅಲ್ಲಿಂದ ಟ್ರಂಕು ಹೊತ್ತು ಮಸಗುಪ್ಪಿಗೆ ನಡೆದೆ. ರೋಹಿಣಿ ಮಳೆ ಒಂದು ಹನಿ ಬಿದ್ದಿರಲಿಲ್ಲ. ಎರೆಯ ಹೊಲಗಳು ಬಾಯಿಬಿಟ್ಟುಕೊಂಡು ಬಿದ್ದಿದ್ದವು.

ನನಗೆ ಅಕ್ಷರ ಕಲಿಸಿದ ಕನ್ನಡ ಶಾಲೆಯ ಮಾಸ್ತರರು ಸುದ್ದಿ ಕೇಳಿ ತಾವಾಗಿಯೇ ಕೇರಿಯ ಅಂಚಿಗೆ ಬಂದರು. ಒಳ್ಳೆಯ ಮನುಷ್ಯ. ನಾನು ಮ್ಯಾಟ್ರಿಕ್ ತನಕ ಹೋದದ್ದೇ ಅವರ ಒತ್ತಾಯದಿಂದ.

“ಹುಕ್ಕೇರಿ ಬಾಜೂಕ ಒಂದು ಸಾಲಿ ಐತಿ. ಅಲ್ಲಿ ಮಾಸ್ತರಕಿ ಖಾಲಿ ಐತಿ. ನಾ ಮಾತಾಡೇನಿ. ಸರಕಾರಿ ಪಗಾರ, ಮಳಿಗೆ ಬಿಸಲಿಗೆ ನೆರಳು. ಈ ವಾರದಾಗ ಹೋಗಿ ಸೇರಕೋ” ಎಂದರು.

“ಒಲ್ಲೆನ್ರಿ ಮಾಸ್ತರ್ರ. ಮತ್ತ ಇಂಟರಿಗೆ ಕುಂದರತೇನಿ.”

“ಇದು ಬಿಟ್ರ ಮುಂದ ಸಿಗೂದಿಲ್ಲೋ ಯಲ್ಲಪ್ಪಾ. ನಾಪಾಸಾದಾಂವಗ ಇಷ್ಟು ಸೊಕ್ಕು ಇರಬಾರದು.”

“ಇರಬೇಕ್ರಿ. ಪಾಸಾದವ್ರಿಗೆ ಬ್ಯಾಡ, ನನಗ ಬೇಕು.”

ಅವರು ಕೊಡೆ ಬಗಲಿಗಿಟ್ಟುಕೊಂಡು ಹೊರಟುಹೋದರು. ಮುಂದೆ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಅವ್ವನಿಗೆ ಈ ವಿಷಯ ನಾನು ಮನೆ ಸೇರುವ ಮೊದಲೇ ಮುಟ್ಟಿತ್ತು. ಅವಳ ಹೆಸರು ಸತ್ಯವ್ವ. ಅಪ್ಪ ತೀರಿಕೊಂಡಂದಿನಿಂದ ಕಂಡವರ ಹೊಲದಲ್ಲಿ ದುಡಿದು ನನ್ನನ್ನು ಬೆಳೆಸಿದವಳು. ಅಕ್ಷರ ಗೊತ್ತಿಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು:

“ಮತ್ತ ಓದತಿ ಹಂಗಾರ?”

“ಓದತೇನಿ.”

“ಹೆಂಗ ಓದತಿ?”

“ಹೆಂಗ ಅಂದ್ರ? ಹ್ವಾದ ವರ್ಷಕ್ಕಿಂತ ಹೆಚ್ಚ ಓದತೇನಿ.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಹ್ವಾದ ವರ್ಷ ಬಿತ್ತಿದ್ದು ಹುಟ್ಟಲಿಲ್ಲ ಅಂದ್ರ, ಈ ವರ್ಷ ಅದಽ ಬೀಜ ಎರಡು ಪಟ್ಟು ಚೆಲ್ಲತಾರೇನು? ಯಾಕ ಹುಟ್ಟಲಿಲ್ಲ ಅಂತ ಮೊದಲ ನೆಲಾ ಕೆದರಿ ನೋಡತಾರ, ಹೌದಿಲ್ಲೋ?”

ನನಗೆ ರೇಗಿತು. ಕಾಲೇಜಿನ ಓದು ನಿನಗೇನು ತಿಳಿಯುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮರುದಿನ ಟ್ರಂಕಿನಿಂದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ಬೇವಿನ ಮರದ ಕೆಳಗೆ ಹರವಿಕೊಂಡು ಕುಳಿತೆ. ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಕೊಂಡೆ. ಯಾಕೆ, ಹೇಗೆ, ಎಷ್ಟರಮಟ್ಟಿಗೆ ನಿಜ, ಹಾಗಲ್ಲದಿದ್ದರೆ ಏನಾಗುತ್ತಿತ್ತು. ಹೆಚ್ಚುಕಡಿಮೆ ಎಲ್ಲವೂ ಇಷ್ಟೇ. ನಾನು ಎರಡು ವರ್ಷ ಒಂದಕ್ಕೂ ‘ಯಾಕೆ’ ಎಂದು ಕೇಳಿಕೊಂಡಿರಲಿಲ್ಲ. ಪುಸ್ತಕವನ್ನು ಹೊತ್ತುಕೊಂಡು ಹೋಗಿ ಪುಸ್ತಕವನ್ನೇ ಇಳಿಸಿ ಬಂದಿದ್ದೆ.

ಈಗ ಓದಬೇಕೆಂದರೆ ಪುಸ್ತಕಗಳಿರಲಿಲ್ಲ. ಕಾಲೇಜಿನ ಪುಸ್ತಕಗಳು ಕಾಲೇಜಿಗೆ ಮರಳಿದ್ದವು.

ಕುಲಗೋಡದ ನೇಮಣ್ಣ ನನ್ನ ಸಹಪಾಠಿ. ಅವನೂ ನಾಪಾಸಾಗಿದ್ದ. ದೊಡ್ಡ ಜೈನ ಮನೆತನ, ಹತ್ತು ಕೂರಿಗೆ ಹೊಲ, ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ. ಅವನ ಟ್ರಂಕಿನ ತುಂಬ ಪುಸ್ತಕಗಳಿದ್ದವು. ಪ್ರತಿ ಪುಸ್ತಕದ ಪ್ರತಿ ಸಾಲಿನ ಕೆಳಗೂ ಕೆಂಪು ಪೆನ್ಸಿಲಿನ ಗೆರೆ. ಕಾಲೇಜಿನಲ್ಲಿ ನಾವು ‘ನೀ’, ‘ನೀ’ ಎಂದೇ ಮಾತಾಡುತ್ತಿದ್ದೆವು. ಎರಡು ತಾಸು ನಡೆದು ಅವರ ವಾಡೆಯ ಮುಂದೆ ನಿಂತು “ನೇಮಣ್ಣಾ” ಎಂದು ಕೂಗಿದಾಗ ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದ ಆಳುಗಳು ಸೂಜಿ ನಿಲ್ಲಿಸಿ ನನ್ನ ಕಡೆ ತಿರುಗಿದರು. ಸಾವ್ಕಾರರ ಮಗನನ್ನು ಕೇರಿಯವನು ಹೆಸರು ಹಿಡಿದು ಕರೆಯುವುದೇ?

ನೇಮಣ್ಣನ ತಂದೆ ಆದಪ್ಪನವರು ಹೊರಗೆ ಬಂದರು. ಪುಸ್ತಕ ಎರವಲು ಕೇಳಿದೆ.

“ಪುಸ್ತಕ ಮನಿ ಬಿಟ್ಟು ಹೋಗೂದಿಲ್ಲ” ಎಂದರು ಮೆಲ್ಲಗೆ. “ಆ ಕೇರಿಗಂತೂ ಹೋಗಬಾರದು. ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ. ಊರ ಕಣ್ಣು ಇರತಾವಲ್ಲ.”

ನೇಮಣ್ಣ ತಂದೆಯ ಹಿಂದೆ ನಿಂತಿದ್ದ. ನಾಲ್ಕು ದಿನದ ಮೇಲೆ ಸಂತೆಯಲ್ಲಿ ಸಿಕ್ಕು, “ನಮ್ಮ ಹಳ್ಳದ ದಂಡಿ ಹೊಲಕ್ಕ ಬಾ. ಪುಸ್ತಕ ಕೊಡಾಕ ಬರೂದಿಲ್ಲ. ನಾ ಓದತೇನಿ, ನೀ ಕೇಳು. ಹೆಂಗೂ ನನಗ ಒಬ್ಬಾಂವಗ ಓದಾಕ ಬ್ಯಾಸರ” ಎಂದ.

ಹೀಗೆ ಆ ವರ್ಷದ ಓದು ಕಿವಿಯಿಂದ ಸುರುವಾಯಿತು. ಮಿರಗದ, ಅಂದರೆ ಮೃಗಶಿರದ ಮಳೆ ಹದವಾಗಿ ಬಿದ್ದಿತ್ತು. ಬೆಳಗ್ಗೆ ಯಾರದೋ ಹೊಲದಲ್ಲಿ ದಗದ, ಮಧ್ಯಾಹ್ನ ಹಳ್ಳದ ದಂಡೆ. ಅವನು ಓದುವನು, ನಾನು ಕೇಳುವೆನು. ಬರೆದುಕೊಳ್ಳೋಣವೆಂದರೆ ಯುದ್ಧದ ಕಾಲ. ಗೋಕಾಕಿನ ಪೇಟೆಯಲ್ಲೇ ಕಾಗದ ಸಿಗುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ಎರಡು ತಾಸಿನ ದಾರಿ ನಡೆಯಬೇಕು. ಮೊದಮೊದಲು ಮಸಗುಪ್ಪಿಯ ಅಗಸಿ ಬಾಗಿಲು ಮುಟ್ಟುವಷ್ಟರಲ್ಲಿ ಮುಕ್ಕಾಲು ಪಾಲು ಸೋರಿಹೋಗುತ್ತಿತ್ತು. ಅಳು ಬರುತ್ತಿತ್ತು. ಒಂದು ದಿನ ಸಿಟ್ಟಿಗೆದ್ದು, ಕೇಳಿದ್ದನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ನಡೆದೆ. ಎದುರಿಗೆ ಬಂದ ಕುರಿ ಕಾಯುವ ಮುದುಕ, ದೆವ್ವ ಹಿಡಿದಿರಬೇಕೆಂದು ಕುರಿಗಳನ್ನು ಆಚೆ ಹೊಡೆದುಕೊಂಡ. ಆದರೆ ಅಂದು ಹೇಳಿಕೊಂಡದ್ದು ಉಳಿಯಿತು. ಎಲ್ಲಿ ತಡವರಿಸಿದೆನೋ ಆ ಜಾಗ ಮುಳ್ಳಿನಂತೆ ಚುಚ್ಚುತ್ತಿತ್ತು. ಮರುದಿನ ನೇಮಣ್ಣನನ್ನು ಮೊದಲು ಕೇಳುತ್ತಿದ್ದದ್ದು ಅದನ್ನೇ. ಬರೀ ಕೇಳಿದ್ದು ಗಾಳಿ, ಬಾಯಲ್ಲಿ ಆಡಿದ್ದು ಮಾತ್ರ ನನ್ನದು ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ವಯಸ್ಸಾಗಬೇಕಾಯಿತು.

ಮನೆಯಲ್ಲಿ ನನ್ನ ಒಂದನೇ ಇಯತ್ತೆಯ ಕಲ್ಲಿನ ಪಾಟಿ ಇತ್ತು, ಒಂದು ಮೂಲೆ ಒಡೆದದ್ದು. ನಸುಕಿನಲ್ಲಿ ಎದ್ದು ಹಿಂದಿನ ದಿನದ್ದನ್ನು ಅದರ ಮೇಲೆ ಬರೆಯುತ್ತಿದ್ದೆ. ಚಿಮಣಿ ಎಣ್ಣೆ ಸಿಗದ ಕಾಲವಾದ್ದರಿಂದ ಕತ್ತಲಾದ ಮೇಲೆ ಓದುವ ಮಾತೇ ಇಲ್ಲ. ಉಂಡು ಮಲಗುವುದು, ಬೆಳಕು ಹರಿದಾಗ ಏಳುವುದು. ಪಾಟಿ ಚಿಕ್ಕದು. ಅರ್ಧ ತಾಸು ಕೇಳಿದ್ದನ್ನು ಹತ್ತು ಸಾಲಿನಲ್ಲಿ ಹೇಳಬೇಕು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಆರಿಸದೆ ಗತಿಯಿಲ್ಲ. ಬರೆದು ನೋಡಿ, ಒದ್ದೆ ಅರಿವೆಯಿಂದ ಒರೆಸಿ, ಮತ್ತೆ ಬರೆಯುವುದು.

ಅವ್ವ ಕಸ ಗುಡಿಸುತ್ತ ನಿಲ್ಲುತ್ತಿದ್ದಳು. “ಏನ್ ಬರದಿ? ಹೇಳು ನನಗೂ.”

“ನಿನಗ ತಿಳಿಯೂದಿಲ್ಲ ಯವ್ವಾ.”

“ತಿಳಿಯೂ ಹಂಗ ಹೇಳು.”

ಹೇಳಬೇಕಾಯಿತು. ಬ್ರಿಟನ್ನಿನ ಪಾರ್ಲಿಮೆಂಟು ರಾಜನ ಕೈ ಕಟ್ಟಿದ್ದನ್ನು ನಮ್ಮ ಊರಿನ ಗೌಡ, ಕುಲಕರ್ಣಿ, ಪಂಚರ ಮಾತಿನಲ್ಲಿ ಹೇಳಿದೆ. ಅವಳು ಎಲ್ಲಕ್ಕೂ ‘ಯಾಕ’ ಎನ್ನುವಳು. ಯಾಕ ಒಪ್ಪಿದಾ? ಯಾಕ ಅವತ್ತಽ ಒಪ್ಪಿದಾ, ಮೊದಲ ಯಾಕ ಒಪ್ಪಲಿಲ್ಲ? ಒಂದು ದಿನ ತರ್ಕಶಾಸ್ತ್ರದ ಒಂದು ವಿಷಯ ಹೇಳುತ್ತಿದ್ದಾಗ ಕೈಯೆತ್ತಿ ನಿಲ್ಲಿಸಿದಳು.

“ನಿಲ್ಲು. ಈಗ ನಿನ್ನ ದನಿ ತೆಳ್ಳಗಾತು. ಇಲ್ಲಿ ನಿನಗ ಗೊತ್ತಿಲ್ಲ.”

ನಿಜಕ್ಕೂ ಗೊತ್ತಿರಲಿಲ್ಲ. ಅಲ್ಲಿ ಪುಸ್ತಕದ ಶಬ್ದಗಳನ್ನೇ ಹೇಳಿ ದಾಟಿಬಿಟ್ಟಿದ್ದೆ. ಮುಂದೆ ನಾನು ಎಷ್ಟೋ ವಿದ್ವಾಂಸರ ಭಾಷಣ ಕೇಳಿದ್ದೇನೆ. ಅವರ ದನಿ ಎಲ್ಲಿ ತೆಳ್ಳಗಾಗುತ್ತದೆಂದು ಇಂದಿಗೂ ನನ್ನ ಕಿವಿ ಹಿಡಿಯುತ್ತದೆ.

ಶ್ರಾವಣದಲ್ಲಿ ಘಟ್ಟದ ಮಳೆಗೆ ಘಟಪ್ರಭೆ ತುಂಬಿ, ಮಸಗುಪ್ಪಿಯ ತಗ್ಗಿನ ಹೊಲಗಳು ಮುಳುಗಿ, ಹದಿನೈದು ದಿನ ನಾನು ಹೊರಬೀಳಲಾಗಲಿಲ್ಲ. ಓದಲು ಹೊಸದೇನೂ ಇಲ್ಲದ್ದರಿಂದ ಹಳೆಯದನ್ನೇ ಪಾಟಿಯ ಮೇಲೆ ತಂದು ನೋಡಿದೆ. ಮರೆತೆನೆಂದುಕೊಂಡದ್ದು ಸ್ವಲ್ಪ ಕಷ್ಟಪಟ್ಟರೆ ಮೇಲೆ ಬಂತು; ಕಷ್ಟಪಟ್ಟು ಮೇಲೆ ಬಂದದ್ದು ಮತ್ತೆ ಮುಳುಗಲಿಲ್ಲ. ಆಮೇಲೆ ಬೇಕೆಂದೇ ನಾಲ್ಕು ದಿನ ಬಿಟ್ಟು, ಎಂಟು ದಿನ ಬಿಟ್ಟು ಹಳೆಯದಕ್ಕೆ ಮರಳತೊಡಗಿದೆ.

ಹಿಂಗಾರಿ ಜೋಳ ತೆನೆಗೆ ಬಂದಾಗ ಆದಪ್ಪನವರ ಹೊಲದಲ್ಲಿ ಹಕ್ಕಿ ಕಾಯುವ ಕೆಲಸ ನನಗೇ ಸಿಕ್ಕಿತು. ಹೊಲದ ನಡುವೆ ನಾಲ್ಕು ಗೂಟಗಳ ಮೇಲೆ ಅಟ್ಟ, ಕೈಯಲ್ಲಿ ಕವಣೆ. ನೇಮಣ್ಣ ಬೆಳೆ ನೋಡುವ ನೆಪ ಮಾಡಿ ಪುಸ್ತಕ ಹಿಡಿದು ಬರುವನು. ಅಟ್ಟ ಚಿಕ್ಕದು, ಕಂಬಳಿ ಒಂದೇ. ಮೈಗೆ ಮೈ ತಾಗಿಸಿ ಕುಳಿತುಕೊಳ್ಳುತ್ತಿದ್ದೆವು. ಮೊದಲ ದಿನ ಅವನು ಸ್ವಲ್ಪ ಸರಿದು ಕುಳಿತ. ಗಿಳಿಗಳ ಹಿಂಡು ಬಂತು, ಇಬ್ಬರೂ ಎದ್ದು ಕೂಗಿ ಕವಣೆ ಬೀಸಿ ಮತ್ತೆ ಕೂರುವಾಗ ಸರಿಯುವುದು ಮರೆತುಹೋಗಿತ್ತು.

ಆ ಅಟ್ಟದ ಮೇಲೆಯೇ ನಮ್ಮ ದೊಡ್ಡ ಜಗಳವಾದದ್ದು. ಅವನು ಒಂದು ಪ್ರಕರಣ ಓದಿ ಮುಗಿಸಿ, ಇನ್ನೆರಡು ಕೆಂಪು ಗೆರೆ ಎಳೆದು, “ಇದು ನನಗ ಬರತೈತಿ” ಎಂದ. ನಾನು ಪುಸ್ತಕದ ಮೇಲೆ ಕೈ ಇಟ್ಟು ಮುಚ್ಚಿದೆ.

“ಹಂಗಾರ ಹೇಳು.”

ಅವನು ಬಾಯಿ ತೆರೆದ. ಎರಡು ಮಾತು ಬಂದವು. ಮೂರನೆಯದು ಬರಲಿಲ್ಲ. ಮುಖ ಕೆಂಪಾಯಿತು.

“ನಾಕು ಸಲ ಓದೇನಿ ನಾ ಇದನ್ನ!”

“ನಾಕು ಸಲ ಬರೇ ನೋಡೀದಿ, ಓದಿಲ್ಲ. ಅದು ನಿನ್ನ ಟ್ರಂಕಿನಾಗ ಐತಿ ನೇಮಣ್ಣಾ, ತಲ್ಯಾಗ ಇಲ್ಲ.”

“ನನ್ನ ಪುಸ್ತಕ ಕೇಳಿ ಕಲತು ನನಗಽ ಹೇಳತೀಯೇನು?”

“ಹೌದು. ಯಾಕಂದ್ರ ನನಗ ಬರತೈತಿ.” ಎಂದವನೇ ಆ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ನಮ್ಮ ಮಾತಿನಲ್ಲಿ ಹೇಳಿಬಿಟ್ಟೆ. ಅವನು ಪುಸ್ತಕ ಎತ್ತಿಕೊಂಡು ಇಳಿದುಹೋದ. ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, ಕೆಂಪು ಪೆನ್ಸಿಲನ್ನು ಜೋಳದೊಳಗೆ ಎಸೆದು, “ಹೆಂಗ ಮಾಡೂದು ತೋರಿಸು” ಎಂದ. ಅಂದಿನಿಂದ ನಿಯಮವಾಯಿತು: ಒಂದು ತುಣುಕು ಓದುವುದು, ಪುಸ್ತಕ ಮುಚ್ಚುವುದು, ಒಬ್ಬ ಹೇಳುವುದು, ಇನ್ನೊಬ್ಬ ತಕರಾರು ತೆಗೆಯುವುದು. ಹೇಳಲು ಬಾರದವನು ಕೆಳಗಿಳಿದು ಹೊಲದ ಸುತ್ತ ಓಡಿ ಹಕ್ಕಿ ಹೊಡೆದು ಬರಬೇಕು. ಆ ವರ್ಷ ಆದಪ್ಪನವರ ಜೋಳಕ್ಕೆ ಗಿಳಿಗಳು ಬಾಯಿ ಹಾಕಲಿಲ್ಲ.

ಸೀತನಿಯ ದಿನಗಳು ಬಂದವು. ಹಾಲುಗಾಳಿನ ತೆನೆಗಳನ್ನು ಬೆಂಕಿಯಲ್ಲಿ ಸುಟ್ಟು, ತಿಕ್ಕಿ, ಒಂದೇ ಎಲೆಯಲ್ಲಿ ಹಾಕಿಕೊಂಡು ತಿನ್ನುತ್ತ ವಾದ ಮಾಡುತ್ತಿದ್ದೆವು. ಕೆಳಗೆ ಯಾರೋ ಕೆಮ್ಮಿದರು. ಆದಪ್ಪನವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ನೇಮಣ್ಣಾ, ಇಳಿ.”

ಅವನು ಇಳಿದ. ಎಲೆ ನನ್ನ ಮುಂದೆ ಉಳಿಯಿತು.

“ನಾಳಿಂದ ಕಾಯಾಕ ಬ್ಯಾರೆಯವ್ರು ಬರತಾರ” ಎಂದರು ನನಗೆ. “ನೀ ಬರೂದು ಬ್ಯಾಡ.”

“ನಾವು ಓದಾಕತ್ತಿದ್ವಿರಿ.”

“ನೋಡೇನಿ. ಅದಕ್ಕಽ ಹೇಳಿದ್ನಿ.” ಅವರ ದನಿಯಲ್ಲಿ ಗದರಿಕೆಯೂ ಇರಲಿಲ್ಲ. ಅಪ್ಪ ಮುಂದೆ, ಮಗ ಹಿಂದೆ ಜೋಳದ ನಡುವೆ ಹೋದರು. ನಾನು ಎಲೆಯಲ್ಲಿದ್ದ ಸೀತನಿಯನ್ನು ಒಂದು ಕಾಳೂ ಬಿಡದೆ ತಿಂದು ಇಳಿದೆ. ಅದನ್ನು ಬಿಟ್ಟು ಬಂದಿದ್ದರೆ ಸೋತಂತಾಗುತ್ತಿತ್ತು.

ಪರೀಕ್ಷೆಗೆ ಪೂರ್ತಿ ಮೂರು ತಿಂಗಳೂ ಉಳಿದಿರಲಿಲ್ಲ. ಅಂದಿನಿಂದ ಪಾಟಿಯೇ ನನ್ನ ಪುಸ್ತಕ. ಒಂದೊಂದು ವಿಷಯದ ಪ್ರಕರಣಗಳನ್ನು ಕ್ರಮವಾಗಿ ನೆನೆದು ಬರೆದೆ. ಇತಿಹಾಸದಲ್ಲಿ ಎರಡು ಪ್ರಕರಣ ನಾವು ಮುಟ್ಟಿರಲೇ ಇಲ್ಲ, ತರ್ಕದಲ್ಲಿ ನಾಲ್ಕು ಕಡೆ ದನಿ ತೆಳ್ಳಗಿತ್ತು. ಬಾರದ್ದು ಯಾವುದು ಎಂದು ಅಷ್ಟು ಖಚಿತವಾಗಿ ಹಿಂದೆಂದೂ ನನಗೆ ತಿಳಿದಿರಲಿಲ್ಲ. ಆ ತೂತುಗಳ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ಗೋಕಾಕಿಗೆ ನಡೆದೆ.

ಅಲ್ಲಿ ಒಂದು ವಾಚನಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ಅವರು ಕಪಾಟಿನಿಂದ ಪುಸ್ತಕ ತೆಗೆದು ಮೇಜಿನ ತುದಿಗೆ ಸರಿಸಿ, “ಹೊರಗ ಕಟ್ಟೀಮ್ಯಾಲ ಕುಂತು ಓದು” ಎಂದರು. ಹೊರಗೆ ನಡುಹಗಲ ಬಿಸಿಲು. ನಾನು ಪುಸ್ತಕ ತೆಗೆದುಕೊಂಡು ಒಳಗಿನ ಬೆಂಚಿನ ಮೇಲೆ ಕುಳಿತೆ.

“ಕೇಳಸಲಿಲ್ಲೇನು?”

“ಕೇಳಸೈತ್ರಿ. ನಾ ಏಳೂದಿಲ್ಲ. ಎಬ್ಬಸೂದಿದ್ರ ಕೈ ಹಿಡದು ಎಬ್ಬಸ್ರಿ.”

ಎಬ್ಬಿಸಬೇಕೆಂದರೆ ಮುಟ್ಟಬೇಕು. ಅವರು ಮುಟ್ಟಲಾರರು. ಪತ್ರಿಕೆ ಓದುತ್ತಿದ್ದ ಇಬ್ಬರು ಎದ್ದುಹೋದರು. ಮೂಲೆಯ ವಕೀಲರೊಬ್ಬರು ಕನ್ನಡಕದ ಮೇಲಿಂದ ನೋಡಿ ಮತ್ತೆ ಪತ್ರಿಕೆಯೊಳಗೆ ತಲೆ ಹಾಕಿದರು. ಏಳು ರವಿವಾರ ಹೀಗೆ ಹೋಗಿ ಕುಳಿತೆ. ಬೇಕಾದ ಪುಟ ಮಾತ್ರ ಓದುವುದು, ಪುಸ್ತಕ ಮುಚ್ಚಿ ಕಣ್ಣು ಮುಚ್ಚಿ ಹೇಳಿಕೊಳ್ಳುವುದು, ಏಳುವುದು. ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಆದರೂ ಓದಿದ್ದು ಹತ್ತಿತು.

ಆ ಬೆಂಚಿನ ಮೇಲೆ ನನಗಾದದ್ದನ್ನು ವರವೆಂದು ಯಾರೂ ಕರೆಯಬೇಡಿ. ನೆರಳು, ದೀಪ, ಪುಸ್ತಕ ಇದ್ದಿದ್ದರೆ ನಾನು ಇನ್ನೂ ಹೆಚ್ಚು ಕಲಿಯುತ್ತಿದ್ದೆ. ಅವನ್ನು ಕಸಿದುಕೊಂಡವರಿಗೆ ನನ್ನ ಪಾಸಿನಲ್ಲಿ ಒಂದು ಅಂಕದ ಪಾಲೂ ಇಲ್ಲ.

ಮಾಘ ಮಾಸದಲ್ಲಿ ಒಂದು ಮುಂಜಾನೆ ನೇಮಣ್ಣ ನಮ್ಮ ಕೇರಿಯ ಬಾಯಿಗೆ ಬಂದು ನಿಂತ. ಸೊರಗಿದ್ದ.

“ಒಬ್ಬಾಂವ ಓದಿದ್ರ ನಿಲ್ಲವಲ್ದು. ಪುಸ್ತಕ ಮುಚ್ಚತೇನಿ, ಹೇಳತೇನಿ. ಖರೆ ಹೇಳಾಕತ್ತೇನೋ ಇಲ್ಲೋ ಅನ್ನಾಕ ಯಾರೂ ಇಲ್ಲ. ಎಲ್ಲಿ ಕೂಡೂಣು ಹ್ಯಾಳು. ಹಳ್ಳದ ಕಡೆ?”

“ಇಲ್ಲಿ” ಎಂದೆ. “ನಮ್ಮ ಅಂಗಳದಾಗ. ಹಗಲಾಗ, ಎಲ್ಲಾರೂ ನೋಡೂ ಹಂಗ.”

“ಯಲ್ಲಪ್ಪಾ, ನಮ್ಮ ಅಪ್ಪಗ…”

“ಅಡಗಿ ಕಲಿಯೂದು ಸಾಕು. ಬರೂದಿದ್ರ ಇಲ್ಲಿಗಽ ಬಾ. ಇಲ್ಲಂದ್ರ ಬ್ಯಾಡ.”

ಅವನು ಮರಳಿ ಹೋದ. ಹೋದನೆಂದೇ ಅಂದುಕೊಂಡೆ. ನನ್ನ ಹಟ ನನಗೇ ಮುಳುವಾಯಿತೇನೋ. ಅವನಿಲ್ಲದೆ ನನ್ನ ಓದಿಗೂ ತಕರಾರು ತೆಗೆಯುವವರಿರಲಿಲ್ಲ. ಮರುದಿನ ಹೊತ್ತೇರುವಾಗ ಬಗಲಲ್ಲಿ ಮೂರು ಪುಸ್ತಕ ಹಿಡಿದು ಅಂಗಳಕ್ಕೆ ಬಂದು ಕುಳಿತ. ಅಪ್ಪನಿಗೆ ಏನು ಹೇಳಿ ಬಂದನೋ, ನಾನು ಕೇಳಲಿಲ್ಲ. ಕೇರಿಯ ಮಂದಿ ಗೋಡೆಗೆ ಆತು ನೋಡಿದರು. ಅವ್ವ, “ನೀರ ಕುಡೀತೀರೇನ್ರಿ ಸಣ್ಣ ಸಾವ್ಕಾರ್ರ?” ಎಂದಳು. ಅವನು ಬೇಡವೆಂದ. ಮರುದಿನವೂ ಬೇಡವೆಂದ. ಅವ್ವ ಕೇಳುವುದನ್ನು ಬಿಟ್ಟಳು. ನಾಲ್ಕನೆಯ ದಿನ ಇತಿಹಾಸದ ಒಂದು ಪ್ರಶ್ನೆಯ ಮೇಲೆ ಒಂದು ತಾಸು ವಾದ ಮಾಡಿ ಗಂಟಲು ಒಣಗಿ, “ಯವ್ವಾ, ಒಂದ್ ತಂಬಿಗಿ ನೀರ ಕೊಡ್ರಿ” ಎಂದು ತಾನೇ ಕೇಳಿದ. ಅವ್ವ ಕೊಟ್ಟಳು. ಕುಡಿದು ಮುಗಿಸುವ ಮೊದಲೇ, “ಹೂಂ, ಮುಂದ? ಆ ಮಂತ್ರಿ ಯಾಕ ರಾಜೀನಾಮೆ ಕೊಟ್ಟಾ?” ಎಂದು ಕೇಳಿದಳು.

ಚೈತ್ರದ ಬಿಸಿಲಿನಲ್ಲಿ ಪರೀಕ್ಷೆ. ಇತಿಹಾಸದ ಪತ್ರಿಕೆ ಕೈಗೆ ಬಂದಾಗ ನಾನು ಬಹಳ ಹೊತ್ತು ಲೇಖನಿ ಮುಟ್ಟಲಿಲ್ಲ. ಮೇಲ್ವಿಚಾರಕರು ಬಂದು ನಿಂತು, “ಬರೂದಿಲ್ಲೇನು?” ಎಂದರು.

“ಬರತೈತ್ರಿ. ಏನ್ ಕೇಳ್ಯಾರ ಅಂತ ನೋಡಾಕತ್ತೇನಿ.”

ಆಮೇಲೆ ಬರೆದೆ. ಎಲ್ಲವನ್ನೂ ಬರೆಯಲಿಲ್ಲ, ಕೇಳಿದ್ದನ್ನು ಮಾತ್ರ ಬರೆದೆ.

ಜ್ಯೇಷ್ಠದಲ್ಲಿ ಫಲಿತಾಂಶ ಬಂದ ದಿನ ಗೋಕಾಕಿನ ಅದೇ ವಾಚನಾಲಯದಲ್ಲಿ ಪತ್ರಿಕೆಯ ಮೇಲೆ ಬೆರಳಾಡಿಸಿ ಎರಡೂ ನಂಬರುಗಳನ್ನು ಕಂಡೆ. ನನ್ನದು ಎರಡನೇ ವರ್ಗ, ನೇಮಣ್ಣನದು ಮೂರನೇ ವರ್ಗ. ನೆಟ್ಟಗೆ ಕುಲಗೋಡಕ್ಕೆ ನಡೆದೆ. ವಾಡೆಯ ಮುಂದೆ ನಿಂತು “ನೇಮಣ್ಣಾ, ಪಾಸಾದಿ” ಎಂದು ಕೂಗಿದೆ. ಮನೆಯಲ್ಲಿ ಗದ್ದಲವೆದ್ದಿತು. ಆದಪ್ಪನವರು ಸಕ್ಕರೆಯ ತಟ್ಟೆ ತರಿಸಿ ಕಟ್ಟೆಯ ಮೇಲೆ ನಿಂತು ಊರವರಿಗೆಲ್ಲ ಹಂಚಿದರು. ಯುದ್ಧದ ಕಾಲದಲ್ಲಿ ಅಷ್ಟು ಸಕ್ಕರೆ! ನನ್ನ ಸರದಿ ಬಂದಾಗ ಮುಷ್ಟಿ ತುಂಬ ತೆಗೆದು ಕೈ ಮೇಲೆತ್ತಿದರು.

“ಬೊಗಸಿ ಒಡ್ಡೋ. ಸುದ್ದಿ ತಂದಾಂವ ನೀ.”

ನಾನು ಬೊಗಸೆ ಒಡ್ಡಲಿಲ್ಲ. ಬಲಗೈಯನ್ನು ನೇರವಾಗಿ ಚಾಚಿದೆ. “ನಾನೂ ಪಾಸಾಗೇನ್ರಿ, ಎರಡನೇ ವರ್ಗದಾಗ. ಮ್ಯಾಲಿಂದ ಚೆಲ್ಲಬ್ಯಾಡ್ರಿ. ಕೈಯಾಗ ಇಡ್ರಿ.”

ಅವರ ಮುಷ್ಟಿಯಿಂದ ಸಕ್ಕರೆಯ ಹರಳುಗಳು ಒಂದೊಂದಾಗಿ ಕೆಳಗೆ ಉದುರುತ್ತಿದ್ದವು.

“ನನ್ನ ಕಷ್ಟ ನಿನಗ ತಿಳಿಯೂದಿಲ್ಲ” ಎಂದರು, ನನಗೊಬ್ಬನಿಗೇ ಕೇಳುವಂತೆ.

“ತಿಳೀತೈತ್ರಿ. ನನ್ನದು ನಿಮಗ ತಿಳೀಲಿ ಅಂತ ಕೈ ಚಾಚೇನಿ.”

ಅವರು ಸಕ್ಕರೆಯನ್ನು ತಟ್ಟೆಗೆ ಮರಳಿ ಸುರಿದು ಒಳಗೆ ಹೋದರು. ನೇಮಣ್ಣ ಕಂಬದ ಹತ್ತಿರ ನೆಲ ನೋಡುತ್ತ ನಿಂತಿದ್ದ. ನಾನು ಕೈ ಇಳಿಸಿ, ಊರ ನಡುಬೀದಿಯಿಂದಲೇ ಹೊರಟೆ. ಅವನ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ.

ಊರು ದಾಟಿ ಅರ್ಧ ಮೈಲು ಹೋಗಿದ್ದೆ. ಹಿಂದಿನಿಂದ ಓಡಿ ಬರುವ ಸಪ್ಪಳ. ನೇಮಣ್ಣ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅಪ್ಪನ ಮುಂದ ಬಾಯಿ ಬಿಡಲಿಲ್ಲ ನಾ.”

“ನೋಡೇನಿ.”

“ಸಿಟ್ಟ ಬಂದೈತೇನು?”

“ಬಂದೈತಿ.”

ಅವನು ಮರಳಿ ಹೋಗಲಿಲ್ಲ. ಮಸಗುಪ್ಪಿಯವರೆಗೆ ನನ್ನ ಪಕ್ಕದಲ್ಲಿ ನಡೆದು ಬಂದ. ಅಂಗಳದಲ್ಲಿ ಅವ್ವ ಕಸಬರಿಗೆ ಕಟ್ಟುತ್ತಿದ್ದಳು. ಇಬ್ಬರೂ ಪಾಸಾದೆವೆಂದು ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಪರೀಕ್ಷಾ ಮುಗದು ಎರಡ ತಿಂಗಳಾತು. ಏನ್ ಉಳದೈತಿ ತಲ್ಯಾಗ? ಕುಂತು ಹೇಳ್ರಿ” ಎಂದಳು.

ನಾನು ಸುರು ಮಾಡಿದೆ. ನೇಮಣ್ಣ ಮೊಳಕಾಲು ಕಟ್ಟಿಕೊಂಡು ಕೇಳುತ್ತಿದ್ದ. ಹೊತ್ತು ಇಳಿಯತೊಡಗಿತು. ಅವರ ಮನೆಯವರು ಸೂರ್ಯ ಮುಳುಗುವ ಮೊದಲೇ ಉಣ್ಣುವವರು, ಮುಳುಗಿದ ಮೇಲೆ ಬಾಯಿಗೆ ಏನೂ ಹಾಕರು. ಅದು ಅವ್ವನಿಗೂ ಗೊತ್ತಿತ್ತು. ಎದ್ದು ಹೋಗಿ ರೊಟ್ಟಿಯ ಬುಟ್ಟಿ, ಬೆಲ್ಲ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಕೊಡಲೇ ಎಂದು ಕೇಳಲಿಲ್ಲ. ನೇಮಣ್ಣ ಬೇವಿನ ಮರದ ತುದಿಯ ಬಿಸಿಲನ್ನೊಮ್ಮೆ ನೋಡಿದ. ರೊಟ್ಟಿ ಮುರಿದ. ಮನೆಯ ನೇಮ ಉಳಿಸಿಕೊಂಡು, ಊರಿನ ನೇಮ ಮುರಿದು, ಬೆಳಕಿರುವಾಗಲೇ ಉಂಡ. ನಾನು ಒಂದು ಕಡೆ ತಪ್ಪು ಹೇಳಿದಾಗ ಬಾಯಲ್ಲಿ ತುತ್ತು ಇಟ್ಟುಕೊಂಡೇ ತಿದ್ದಿದ.